ಕಬ್ಬಿಣದ ಬೀಸಣಿಗೆ: ಆಯುಧವೂ ಸಭಾಮರ್ಯಾದೆಯೂ

೧

ಆಯುಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಣರಂಗದಿಂದಲೇ ತೊಡಗುತ್ತಾರೆ. ಖಡ್ಗ, ಭರ್ಜಿ, ಬಿಲ್ಲು, ಫಿರಂಗಿಗಳ ಬೆಳವಣಿಗೆಯನ್ನು ಲೋಹವಿದ್ಯೆಯ ಬೆಳವಣಿಗೆಯೊಡನೆ ಹೊಂದಿಸಿ ವಿವರಿಸುವುದು ರೂಢಿಯಾಗಿದೆ. ಈ ಕ್ರಮ ಉಚಿತವಾದುದೇ ಸರಿ. ಆದರೆ ಅರಮನೆಯ ಹೆಬ್ಬಾಗಿಲಿನಲ್ಲಿ, ಅತಿಥಿಯನ್ನು ಕುಳ್ಳಿರಿಸುವ ಚಾವಡಿಯಲ್ಲಿ, ದೊರೆಯ ಸಮ್ಮುಖದಲ್ಲಿ ರೂಪುಗೊಂಡ ಆಯುಧಗಳೂ ಕೆಲವುಂಟು. ‘ಖಡ್ಗವನ್ನು ಹೊರಗಿಟ್ಟು ಒಳಗೆ ಬಾ’ ಎಂಬ ಕಟ್ಟಳೆ ಇರುವಲ್ಲಿ, ಆ ಕಟ್ಟಳೆಯೇ ಒಮ್ಮೊಮ್ಮೆ ಹೊಸ ಆಯುಧವೊಂದರ ಹುಟ್ಟಿಗೆ ಕಾರಣವಾಗುತ್ತದೆ. ಜಪಾನಿನ ಕಬ್ಬಿಣದ ಬೀಸಣಿಗೆ, ಆ ಭಾಷೆಯಲ್ಲಿ ‘ತೆಸ್ಸೆನ್’, ಇಂಥ ಆಯುಧಗಳಲ್ಲಿ ಬಹು ಪ್ರಸಿದ್ಧವಾದುದು.

ಕಲ್ಲೋಳಿಯ ಕಡೆಯ ವಿದ್ಯಾರ್ಥಿಗೆ ಜಪಾನಿನ ಬೀಸಣಿಗೆಯಿಂದ ಆಗಬೇಕಾದುದೇನು ಎಂದು ಕೇಳಬಹುದು. ಬೇರೊಂದು ನಾಡಿನ ವಸ್ತುವನ್ನು ಕೂಲಂಕಷವಾಗಿ ನೋಡಿದಾಗ ನಮ್ಮ ನಾಡಿನ ವಸ್ತುಗಳ ವಿಷಯದಲ್ಲಿ ನಾವು ಕೇಳದೆ ಬಿಟ್ಟ ಪ್ರಶ್ನೆಗಳು ಎದ್ದುಬರುತ್ತವೆ ಎಂಬುದೇ ಇದಕ್ಕೆ ನಮ್ಮ ಉತ್ತರ. ಬೀಸಣಿಗೆ ನಮ್ಮಲ್ಲಿಯೂ ಇತ್ತು, ವೀರರೂ ಇದ್ದರು. ಆದರೂ ನಮ್ಮ ವೀರನ ಕೈಯಲ್ಲಿ ಬೀಸಣಿಗೆ ಆಯುಧವಾಗಲಿಲ್ಲ. ಏಕೆ? ಅದರ ಬದಲಿಗೆ ಕನ್ನಡ ನಾಡಿನ ಆಸ್ಥಾನಗಳಲ್ಲಿ ಯಾವ ಬಗೆಯ ಆಯುಧ ಬೆಳೆಯಿತು? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಮೊದಲು ಕಬ್ಬಿಣದ ಬೀಸಣಿಗೆಯ ಸ್ವರೂಪವನ್ನು ವಿವರಿಸಿ, ಅನಂತರ ನಮ್ಮ ನಾಡಿನ ಸಾಮಗ್ರಿಯ ಕಡೆಗೆ ತಿರುಗುವೆವು.

೨

ಜಪಾನಿನ ಯುದ್ಧ ಬೀಸಣಿಗೆಗಳನ್ನು ಕುರಿತ ಬರಹಗಳಲ್ಲಿ ಮೂರು ಬೇರೆ ಬೇರೆ ವಸ್ತುಗಳು ಹಲವು ವೇಳೆ ಒಂದೇ ಹೆಸರಿನಲ್ಲಿ ಬೆರೆತುಹೋಗುತ್ತವೆ. ಅವುಗಳನ್ನು ಮೊದಲು ಬಿಡಿಸಿಕೊಳ್ಳುವುದು ಅವಶ್ಯ.

ಮೊದಲನೆಯದು ‘ಗುನ್‌ಬಾಯ್’. ಇದು ಮಡಿಸಲು ಬಾರದ, ಹಿಡಿಯುಳ್ಳ, ಅಗಲವಾದ ಹಲಗೆಯಂಥ ಬೀಸಣಿಗೆ. ಮರದಿಂದಲೋ, ಅರಗು ಬಳಿದ ತೊಗಲಿನಿಂದಲೋ, ಕೆಲವೊಮ್ಮೆ ಕಬ್ಬಿಣದಿಂದಲೋ ಇದನ್ನು ಮಾಡುತ್ತಿದ್ದರು. ಸೇನಾಪತಿಯು ಇದನ್ನು ಎತ್ತಿ, ಇಳಿಸಿ, ಬೀಸಿ ಪಡೆಗಳಿಗೆ ಸನ್ನೆ ಕೊಡುತ್ತಿದ್ದನು. ಎರಡನೆಯದು ‘ಗುನ್‌ಸೆನ್’. ಇದು ಮಡಿಸುವ ಬೀಸಣಿಗೆ. ದಂಡಿನಲ್ಲಿ ನಾಯಕರು ಧರಿಸುತ್ತಿದ್ದುದು. ಇದರ ಹಾಳೆಯ ಮೇಲೆ ಸೂರ್ಯಬಿಂಬವನ್ನು ಬಣ್ಣದಲ್ಲಿ ಬರೆಯುವುದು ವಾಡಿಕೆಯಾಗಿತ್ತು. ಮೂರನೆಯದು ನಮ್ಮ ಪ್ರಕೃತ ವಿಷಯವಾದ ‘ತೆಸ್ಸೆನ್’. ‘ತೆತ್ಸು’ ಎಂದರೆ ಕಬ್ಬಿಣ, ‘ಸೆನ್’ ಎಂದರೆ ಬೀಸಣಿಗೆ. ಇದರಲ್ಲಿಯೂ ಎರಡು ಮುಖ್ಯ ಬಗೆಗಳುಂಟು. ಹೊರಗಿನ ಎರಡು ಕಡ್ಡಿಗಳನ್ನಾಗಲಿ ಎಲ್ಲ ಕಡ್ಡಿಗಳನ್ನಾಗಲಿ ಕಬ್ಬಿಣದಿಂದ ಮಾಡಿ, ನಿಜವಾಗಿ ಬಿಚ್ಚಿ ಬೀಸಬಹುದಾದುದು ಒಂದು ಬಗೆ. ಮಡಿಸಿದ ಬೀಸಣಿಗೆಯ ಆಕಾರದಲ್ಲಿಯೇ ಎರಕಹೊಯ್ದ ಅಥವಾ ಬಡಿದು ಮಾಡಿದ, ಎಂದಿಗೂ ಬಿಚ್ಚಿಕೊಳ್ಳದ ಗಟ್ಟಿ ಕಬ್ಬಿಣದ ತುಂಡು ಇನ್ನೊಂದು ಬಗೆ. ಎರಡನೆಯದು ನೋಡುವವರ ಕಣ್ಣಿಗೆ ಮಾತ್ರ ಬೀಸಣಿಗೆ. ಹಿಡಿದವನ ಕೈಗೆ ಅದು ಒಂದಡಿಯಷ್ಟು ಉದ್ದದ ದೊಣ್ಣೆ.

ಮಡಿಸುವ ಬೀಸಣಿಗೆ ಜಪಾನಿನಲ್ಲಿಯೇ ಬೆಳೆದುಬಂದ ವಸ್ತು. ಹೇಯಾನ್ ಯುಗದಲ್ಲಿ, ಎಂದರೆ ಕ್ರಿ. ಶ. ೭೯೪ರಿಂದ ೧೧೮೫ರವರೆಗಿನ ಅವಧಿಯಲ್ಲಿ, ಹಿನೋಕಿ ಎಂಬ ಮರದ ತೆಳುವಾದ ಪಟ್ಟಿಗಳನ್ನು ದಾರದಿಂದ ಪೋಣಿಸಿ ಮಾಡಿದ ಬೀಸಣಿಗೆಗಳನ್ನು ಆಸ್ಥಾನದ ಸ್ತ್ರೀಪುರುಷರು ಹಿಡಿಯುತ್ತಿದ್ದರು. ಬಿದಿರ ಕಡ್ಡಿಗೆ ಕಾಗದವನ್ನು ಅಂಟಿಸಿದ ಹಗುರವಾದ ಬೀಸಣಿಗೆಗಳೂ ಬಂದವು. ಮಡಿಸಿದರೆ ನಡುಕಟ್ಟಿನಲ್ಲಿ ಸಿಕ್ಕಿಸಿಕೊಳ್ಳಲು ಬರುವಂಥದು, ಬಿಚ್ಚಿದರೆ ಗಾಳಿ ಹಾಕಿಕೊಳ್ಳಲು ಬರುವಂಥದು. ಆದುದರಿಂದ ಅದು ಪ್ರತಿಯೊಬ್ಬ ಸಭ್ಯನ ಉಡುಪಿನ ಅಂಗವಾಯಿತು. ಹಿರಿಯರಿಗೆ ನಮಸ್ಕರಿಸುವಾಗ ಮಡಿಸಿದ ಬೀಸಣಿಗೆಯನ್ನು ಮೊಣಕಾಲಿನ ಮುಂದೆ ಅಡ್ಡಲಾಗಿಟ್ಟು ಬಾಗುವ ಪದ್ಧತಿಯನ್ನು ಜಪಾನಿನ ಚಹಾ ವಿಧಿಯಲ್ಲಿ ಇಂದಿಗೂ ಕಾಣಬಹುದು. ‘ನನ್ನ ಎಲ್ಲೆ ಇಲ್ಲಿಗೆ, ಇದರಾಚೆ ನಿಮ್ಮದು’ ಎಂಬ ವಿನಯ ಆ ಸಣ್ಣ ವಸ್ತುವಿನಲ್ಲಿ ಸೂಚಿತವಾಗುತ್ತದೆ.

ಈ ಅಂಶವನ್ನು ನಾವು ಒತ್ತಿಹೇಳಬಯಸುತ್ತೇವೆ. ಜಪಾನಿನಲ್ಲಿ ಬೀಸಣಿಗೆಯನ್ನು ಪ್ರತಿಯೊಬ್ಬನೂ ತಾನೇ ಧರಿಸುತ್ತಿದ್ದನು, ತಾನೇ ಬೀಸಿಕೊಳ್ಳುತ್ತಿದ್ದನು. ಅದನ್ನು ಹಿಡಿಯಲು ಸೇವಕನು ಬೇಕಾಗಿರಲಿಲ್ಲ. ಅದು ಕಬ್ಬಿಣವಾಗುವುದಕ್ಕೆ ಮುನ್ನವೇ ಯೋಧನ ಕೈಗೆ ಒಗ್ಗಿಹೋಗಿತ್ತು.

೩

ಕಬ್ಬಿಣದ ಬೀಸಣಿಗೆಯ ಬಳಕೆ ವಿಶೇಷವಾಗಿ ಬೆಳೆದದ್ದು ದೊಡ್ಡ ಯುದ್ಧಗಳು ನಿಂತುಹೋದ ಕಾಲದಲ್ಲಿ ಎಂಬುದು ಗಮನಾರ್ಹ. ೧೬೦೩ರಿಂದ ೧೮೬೮ರವರೆಗೆ ತೊಕುಗಾವ ಮನೆತನದ ಶೋಗುನರು ಎದೊ ನಗರದಿಂದ, ಅಂದರೆ ಈಗಿನ ಟೋಕಿಯೋದಿಂದ, ಆಳಿದರು. ಸಮುರಾಯಿಯು ಸೊಂಟದಲ್ಲಿ ಒಂದು ದೊಡ್ಡ ಕತ್ತಿಯನ್ನೂ ಒಂದು ಕಿರುಗತ್ತಿಯನ್ನೂ ಧರಿಸುವುದು ಆ ಕಾಲದಲ್ಲಿ ಅವನ ಅಂತಸ್ತಿನ ಗುರುತು. ಆದರೆ ಇನ್ನೊಬ್ಬರ ಮನೆಗೆ ಹೋದಾಗ ದೊಡ್ಡ ಕತ್ತಿಯನ್ನು ಸೊಂಟದಿಂದ ತೆಗೆಯಬೇಕು. ಶೋಗುನನ ಕೋಟೆಯೊಳಗೆ ಕಿರುಗತ್ತಿಯೊಂದಕ್ಕೇ ಅವಕಾಶ. ಅದನ್ನೂ ಒರೆಯಿಂದ ಹಿರಿಯುವಂತಿಲ್ಲ.

ಈ ನಿಯಮದ ಕಾಠಿಣ್ಯವನ್ನು ೧೭೦೧ರ ಒಂದು ಪ್ರಸಂಗ ತೋರಿಸಿಕೊಡುತ್ತದೆ. ಅಸಾನೊ ನಾಗನೋರಿ ಎಂಬ ಸಾಮಂತನು ಎದೊ ಕೋಟೆಯ ಮೊಗಸಾಲೆಯಲ್ಲಿ ಕಿರ ಯೊಶಿನಾಕ ಎಂಬ ಆಸ್ಥಾನದ ಅಧಿಕಾರಿಯ ಮೇಲೆ ಕೋಪಗೊಂಡು ಕಿರುಗತ್ತಿಯನ್ನು ಹಿರಿದನು. ಕಿರನಿಗೆ ಆದದ್ದು ಗಾಯ ಮಾತ್ರ. ಆದರೂ ಅಸಾನೊ ಅಂದೇ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸಾಯುವಂತೆ ಆಜ್ಞೆಯಾಯಿತು. ಅವನ ಸೀಮೆ ಮುಟ್ಟುಗೋಲಾಯಿತು. ಅವನ ನಲವತ್ತೇಳು ಮಂದಿ ಅನುಚರರು ಮುಂದೆ ತೀರಿಸಿಕೊಂಡ ಸೇಡಿನ ಕಥೆ ಲೋಕಪ್ರಸಿದ್ಧವಾಗಿದೆ. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟೆ: ಆ ಕೋಟೆಯೊಳಗೆ ಅಲಗನ್ನು ಹಿರಿದವನು ಎದುರಾಳಿಯನ್ನು ಕೊಲ್ಲಲಿ ಬಿಡಲಿ, ತನ್ನ ಪ್ರಾಣವನ್ನಂತೂ ಕಳೆದುಕೊಂಡಂತೆಯೇ.

ಇಂಥ ಸಮಾಜದಲ್ಲಿ ಅಲಗಿಲ್ಲದ, ಹೊರಗಿಡು ಎಂದು ಯಾರೂ ಕೇಳಲಾರದ, ಮರ್ಯಾದೆಯ ಗುರುತೇ ಆದ ವಸ್ತುವೊಂದು ಆತ್ಮರಕ್ಷಣೆಗೆ ಒದಗಿದರೆ ಆಶ್ಚರ್ಯವಿಲ್ಲ. ಮಡಿಸಿದ ಕಬ್ಬಿಣದ ಬೀಸಣಿಗೆಯಿಂದ ಎರಗಿಬರುವ ಕತ್ತಿಯ ಹೊಡೆತವನ್ನು ಪಕ್ಕಕ್ಕೆ ತಳ್ಳಬಹುದು. ಕತ್ತಿ ಹಿಡಿದವನ ಮಣಿಕಟ್ಟಿಗೆ ಹೊಡೆದು ಹಿಡಿತವನ್ನು ಬಿಡಿಸಬಹುದು. ಗಂಟಲು, ಕಪಾಲ, ಪಕ್ಕೆಲುಬುಗಳಿಗೆ ತುದಿಯಿಂದ ತಿವಿಯಬಹುದು. ಎದುರಾಳಿಯ ತೋಳಿನ ಕೀಲಿಗೆ ಒತ್ತಿ ಅವನನ್ನು ಮಣಿಸಬಹುದು. ಈ ವಿದ್ಯೆಗೆ ‘ತೆಸ್ಸೆನ್‌ಜುತ್ಸು’ ಎಂದು ಹೆಸರು. ಇದು ಬಹುಮಟ್ಟಿಗೆ ಮಲ್ಲವಿದ್ಯೆಗೂ ಖಡ್ಗವಿದ್ಯೆಗೂ ನಡುವಣದು. ಇಕ್ಕಾಕು ಎಂಬ ಸಂಪ್ರದಾಯದಲ್ಲಿ, ಆರಕ್ಷಕರು ಬಳಸುತ್ತಿದ್ದ ‘ಜುತ್ತೆ’ ಎಂಬ ಕೊಕ್ಕೆಯುಳ್ಳ ಕಬ್ಬಿಣದ ಸಲಾಕೆಯೊಡನೆ ಜೊತೆಗೈಯಲ್ಲಿ ಕಬ್ಬಿಣದ ಬೀಸಣಿಗೆಯನ್ನು ಹಿಡಿಯುವ ಕ್ರಮವುಂಟು. ಇವೆರಡರ ಗುರಿಯೂ ಕತ್ತಿ ಹಿಡಿದವನನ್ನು ಕೊಲ್ಲದೆ ಹಿಡಿಯುವುದು.

ಎಲ್ಲ ಕಾಲಕ್ಕೂ ಇದು ಸೌಮ್ಯವಾದ ಆಯುಧವಾಗಿತ್ತೆಂದು ಭಾವಿಸಲಾಗದು. ಕ್ಯೋತೋ ನಗರದ ಕಾವಲಿಗೆಂದು ಏರ್ಪಟ್ಟ ಶಿನ್‌ಸೆನ್‌ಗುಮಿ ಎಂಬ ಪಡೆಯ ನಾಯಕರಲ್ಲೊಬ್ಬನಾಗಿ, ೧೮೬೩ರಲ್ಲಿ ತನ್ನವರಿಂದಲೇ ಹತನಾದ ಸೆರಿಝಾವ ಕಾಮೊ ಎಂಬವನು ಭಾರವಾದ ಕಬ್ಬಿಣದ ಬೀಸಣಿಗೆಯನ್ನು ಹಿಡಿದು ತಿರುಗುತ್ತಿದ್ದನು; ಅವನ ದುಂಡಾವರ್ತಿಯ ಕಥೆಗಳಲ್ಲಿ ಅದರ ಪ್ರಸ್ತಾಪ ಬರುತ್ತದೆ. ೧೮೭೬ರಲ್ಲಿ ಹೊಸ ಸರಕಾರವು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಕತ್ತಿಯ ಮೇಲಿನ ಕಟ್ಟಳೆಯಿಂದ ಬೆಳೆದ ವಿದ್ಯೆಯು ಕತ್ತಿಯೇ ಮರೆಯಾದ ಬಳಿಕ ಕೆಲವು ಗುರುಪರಂಪರೆಗಳಲ್ಲಿ ಮಾತ್ರ ಉಳಿದುಕೊಂಡಿತು.

೪

ಇಲ್ಲಿ ಐತಿಹ್ಯಗಳ ವಿಚಾರವನ್ನೂ ಹೇಳಬೇಕು. ೧೫೬೧ರಲ್ಲಿ ಕವನಕಜಿಮದ ಬಯಲಿನಲ್ಲಿ ತಕೆದ ಶಿಂಗೆನ್ ಮತ್ತು ಉಯೆಸುಗಿ ಕೆನ್‌ಶಿನ್ ಎಂಬ ಇಬ್ಬರು ಪ್ರಬಲ ಸಾಮಂತರಿಗೆ ಘೋರ ಯುದ್ಧವಾಯಿತು. ಕೆನ್‌ಶಿನನು ಕುದುರೆಯ ಮೇಲೆ ಒಬ್ಬನೇ ಶತ್ರುಶಿಬಿರಕ್ಕೆ ನುಗ್ಗಿ ಬಂದು ಕತ್ತಿಯನ್ನು ಬೀಸಿದನೆಂದೂ, ಕುಳಿತಿದ್ದ ಶಿಂಗೆನನು ಕೈಯಲ್ಲಿದ್ದ ಯುದ್ಧ ಬೀಸಣಿಗೆಯಿಂದಲೇ ಆ ಹೊಡೆತಗಳನ್ನು ತಡೆದನೆಂದೂ ಪ್ರತೀತಿ. ಆ ಯುದ್ಧಭೂಮಿಯಲ್ಲಿ ಈ ಸನ್ನಿವೇಶದ ಪ್ರತಿಮೆಯೂ ಇದೆ. ಆದರೆ ಈ ಕಥೆಯನ್ನು ಪ್ರಸಿದ್ಧಿಗೆ ತಂದ ‘ಕೋಯೋ ಗುನ್‌ಕನ್’ ಎಂಬ ಗ್ರಂಥವು ತಕೆದ ಪಕ್ಷದ ಕೀರ್ತಿಯನ್ನು ಹಾಡುವ ವೃತ್ತಾಂತ. ಅದು ಪ್ರಚಾರಕ್ಕೆ ಬಂದದ್ದು ಯುದ್ಧವಾಗಿ ಹಲವು ದಶಕಗಳು ಕಳೆದ ಮೇಲೆ. ಆದುದರಿಂದ ಈ ಕಥೆಯನ್ನು ೧೫೬೧ರ ಘಟನೆಗೆ ಸಾಕ್ಷ್ಯವೆಂದು ಹಿಡಿಯುವುದಕ್ಕಿಂತ, ಹದಿನೇಳನೆಯ ಶತಮಾನದ ಓದುಗರು ನಾಯಕನ ಕೈಯ ಬೀಸಣಿಗೆಯನ್ನು ಎಂಥ ಗೌರವದಿಂದ ನೋಡುತ್ತಿದ್ದರೆಂಬುದಕ್ಕೆ ಸಾಕ್ಷ್ಯವೆಂದು ಹಿಡಿಯುವುದು ಮೇಲು.

ಅರಾಕಿ ಮುರಾಶಿಗೆ ಎಂಬ ಯೋಧನ ಕಥೆಯೂ ಇಂಥದೇ. ಒಡೆಯನಾದ ಓದ ನೊಬುನಾಗನ ಎದುರು ಹೊಸ್ತಿಲ ಬಳಿ ಬಾಗಿ ನಮಸ್ಕರಿಸುವಾಗ, ಎರಡು ಬದಿಯ ಜಾರುಬಾಗಿಲುಗಳನ್ನು ಒಮ್ಮೆಗೇ ನೂಕಿ ತನ್ನ ತಲೆಯನ್ನು ಜಜ್ಜಬಹುದೆಂದು ಶಂಕಿಸಿದ ಅವನು ಕಬ್ಬಿಣದ ಬೀಸಣಿಗೆಯನ್ನು ಬಾಗಿಲ ಗಾಡಿಯಲ್ಲಿಟ್ಟು ಬಾಗಿದನಂತೆ. ಬಾಗಿಲುಗಳು ಬೀಸಣಿಗೆಗೆ ತಗುಲಿ ನಿಂತುವಂತೆ. ಕಥೆ ನಡೆದದ್ದಿರಲಿ ಬಿಡಲಿ, ಅದರ ಒಳಗಿನ ತರ್ಕ ಮನನೀಯವಾಗಿದೆ. ನಮಸ್ಕಾರದ ಮರ್ಯಾದೆಗೆ ಮುಂದಿಡಬೇಕಾದ ವಸ್ತುವೇ ಪ್ರಾಣವನ್ನು ಕಾಯಿತು. ಬೀಸಣಿಗೆಯನ್ನು ಅಲ್ಲಿಟ್ಟದ್ದರಲ್ಲಿ ಒಡೆಯನು ಯಾವ ತಪ್ಪನ್ನೂ ಎಣಿಸುವಂತಿರಲಿಲ್ಲ.

೫

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದು ಈಗ ಮೂಡಲಗಿ ತಾಲೂಕಿನಲ್ಲಿರುವ ಕಲ್ಲೋಳಿಯು ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಕೂಂಡಿ ಮೂರುಸಾವಿರವೆಂಬ ನಾಡಿಗೆ ಸೇರಿತ್ತು. ಆ ನಾಡನ್ನು ಆಳಿದವರು ಸವದತ್ತಿಯಿಂದಲೂ ಅನಂತರ ವೇಣುಗ್ರಾಮದಿಂದಲೂ, ಎಂದರೆ ಬೆಳಗಾವಿಯಿಂದಲೂ, ಆಡಳಿತ ನಡೆಸಿದ ರಟ್ಟರು. ಕಲ್ಲೋಳಿಯ ೧೨೦೪ರ ಶಾಸನವು ಇಮ್ಮಡಿ ರಾಜನೆಂಬ ಸ್ಥಳೀಯ ಪ್ರಭು ಇಲ್ಲಿ ಶಾಂತಿನಾಥ ಬಸದಿಯನ್ನು ಕಟ್ಟಿಸಿದುದನ್ನೂ, ರಟ್ಟರ ನಾಲ್ಮಡಿ ಕಾರ್ತವೀರ್ಯನು ತಮ್ಮನಾದ ಯುವರಾಜ ಮಲ್ಲಿಕಾರ್ಜುನನೊಡನೆ ಆಳುತ್ತಿದ್ದುದನ್ನೂ ತಿಳಿಸುತ್ತದೆ. ಊರಿನ ಹೆಸರು ಅದರಲ್ಲಿ ‘ಸಿಂದನ ಕಲ್ಪೊಳೆ’ ಎಂದಿದೆ. ಈ ಶಾಸನವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟರು ಓದಿ ಪ್ರಕಟಿಸಿದರು.

ರಟ್ಟರ ಪ್ರಶಸ್ತಿಗಳಲ್ಲಿ ಸುವರ್ಣಗರುಡಧ್ವಜ, ಸಿಂಧೂರಲಾಂಛನ, ತ್ರಿವಳಿಯೆಂಬ ವಾದ್ಯ ಮೊದಲಾದ ಚಿಹ್ನೆಗಳು ಎಣಿಕೆಯಾಗುತ್ತವೆ. ಒಡೆಯನ ಗೌರವವು ಅವನ ಸುತ್ತ ಇತರರು ಹಿಡಿದು ನಿಲ್ಲುವ ವಸ್ತುಗಳಿಂದ ಪ್ರಕಟವಾಗುತ್ತಿತ್ತು. ಧ್ವಜವನ್ನು ಒಬ್ಬನು ಎತ್ತುತ್ತಾನೆ, ಛತ್ರಿಯನ್ನು ಇನ್ನೊಬ್ಬನು ಹಿಡಿಯುತ್ತಾನೆ, ಚಾಮರವನ್ನು ಮತ್ತೊಬ್ಬರು ಬೀಸುತ್ತಾರೆ. ಬಿಸಿಲುಗಾಲದಲ್ಲಿ ಮನೆಯಲ್ಲಿ ತಾಳೆಗರಿಯ ಬೀಸಣಿಗೆಯನ್ನು ಯಾರು ಬೇಕಾದರೂ ಬೀಸಿಕೊಳ್ಳಬಹುದು. ಆದರೆ ಓಲಗದಲ್ಲಿ ಗಾಳಿ ಹಾಕುವುದು ಸೇವೆ, ಹಾಕಿಸಿಕೊಳ್ಳುವುದು ಒಡೆತನ. ದೊರೆ ತನ್ನ ಬೀಸಣಿಗೆಯನ್ನು ತಾನೇ ಹಿಡಿದು ಕುಳಿತರೆ ಅದು ಗೌರವಕ್ಕೆ ಕುಂದು. ದೇವಾಲಯದಲ್ಲಿ ದೇವರಿಗೆ ಚಾಮರಸೇವೆ ನಡೆಯುವುದೂ, ಬಸದಿಗಳಲ್ಲಿ ಜಿನಬಿಂಬದ ಇಕ್ಕೆಲಗಳಲ್ಲಿ ಚಾಮರಧಾರಿಗಳನ್ನು ಕಡೆದಿರುವುದೂ ಇದೇ ಕಲ್ಪನೆಯ ವಿಸ್ತಾರ.

ವೀರಗಲ್ಲುಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತುಗಳಿರುತ್ತವೆ. ಕೆಳಗೆ ವೀರನು ಕತ್ತಿಯನ್ನೋ ಬಿಲ್ಲನ್ನೋ ಹಿಡಿದು ಕಾದುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಅವರ ಕೈಯಲ್ಲಿ ಅನೇಕ ಕಡೆ ಚಾಮರಗಳಿವೆ. ಮೇಲೆ ಅವನು ಲಿಂಗದ ಅಥವಾ ಜಿನನ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಎಂದರೆ, ಬದುಕಿರುವಾಗ ಗದ್ದೆಯಂಚಿನಲ್ಲಿ ದನಗಳಿಗಾಗಿ, ಊರಿಗಾಗಿ ಕಾದಿದ ಸಾಮಾನ್ಯನಿಗೆ ಚಾಮರದ ಗಾಳಿ ದೊರೆಯುವುದು ಸತ್ತ ಮೇಲೆ. ಜಪಾನಿನ ಯೋಧನ ಬೀಸಣಿಗೆ ಅವನ ನಡುವಿನಲ್ಲಿದ್ದರೆ, ನಮ್ಮ ವೀರನ ಬೀಸಣಿಗೆ ಅಪ್ಸರೆಯ ಕೈಯಲ್ಲಿತ್ತು. ಇನ್ನೊಬ್ಬರ ಕೈಯಲ್ಲಿರುವ ವಸ್ತು ನಮ್ಮ ಆಯುಧವಾಗುವುದು ಸಾಧ್ಯವಿಲ್ಲ. ನಮ್ಮ ಮೊದಲ ಪ್ರಶ್ನೆಗೆ ಉತ್ತರವನ್ನು ನಾವು ಇಲ್ಲಿ ಕಾಣುತ್ತೇವೆ.

ಇಲ್ಲಿ ಒಂದು ಅಪವಾದವನ್ನು ಹೇಳಬಹುದು. ಬೀಸಣಿಗೆಯನ್ನು ಹೋಲುವ ಒಂದು ವಸ್ತುವನ್ನು ನಮ್ಮಲ್ಲಿಯೂ ತಾವೇ ಹಿಡಿದು ನಡೆಯುವವರುಂಟು; ಅವರು ದಿಗಂಬರ ಮುನಿಗಳು. ಅವರ ನವಿಲುಗರಿಯ ಪಿಂಛವು ಕುಳ್ಳಿರುವ ಜಾಗದಲ್ಲಿನ ಕ್ರಿಮಿಕೀಟಗಳಿಗೆ ನೋವಾಗದಂತೆ ಸರಿಸುವುದಕ್ಕಾಗಿ ಇದೆ. ಕೈಯಲ್ಲಿ ಹಿಡಿಯುವ ಗರಿಯ ಕಟ್ಟು ಆಯುಧದ ನೇರ ವಿರುದ್ಧ ದಿಕ್ಕಿಗೆ ಸಾಗಿದ ನಿದರ್ಶನವಿದು.

೬

ಹಾಗಾದರೆ ಆಸ್ಥಾನದ ಕಟ್ಟಳೆಗೆ ಒಳಪಟ್ಟು ಬೆಳೆದ ಆಯುಧ ನಮ್ಮಲ್ಲಿ ಯಾವುದು? ನಮ್ಮ ದೃಷ್ಟಿಯಲ್ಲಿ ಅದು ವಜ್ರಮುಷ್ಟಿ. ಬೆರಳುಗಳ ಗೆಣ್ಣಿನ ಮೇಲೆ ಕೂರುವಂತೆ, ಮೊನೆಗಳುಳ್ಳ ಪಟ್ಟಿಯನ್ನು ದಂತದಿಂದಲೋ ಕೊಂಬಿನಿಂದಲೋ ಲೋಹದಿಂದಲೋ ಮಾಡಿ ಬಲಗೈಯ ಮುಷ್ಟಿಯಲ್ಲಿ ಬಿಗಿಹಿಡಿಯುವರು. ಎಡಗೈ ಎದುರಾಳಿಯನ್ನು ಹಿಡಿಯಲೂ ತಡೆಯಲೂ ಬಿಡುವಾಗಿರುತ್ತದೆ. ಬೀಸಣಿಗೆಯಂತೆ ಇದೂ ಮಲ್ಲವಿದ್ಯೆಗೂ ಶಸ್ತ್ರವಿದ್ಯೆಗೂ ನಡುವಣದು. ಇದೂ ಒಂದು ಹಿಡಿಯಲ್ಲಿ ಅಡಗುವಂಥದು.

ಇದರ ಹಿನ್ನೆಲೆಯನ್ನು ತಿಳಿಯಲು ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಹೋಗಬೇಕು. ರಟ್ಟರಿಗೆ ಸಾರ್ವಭೌಮರಾಗಿದ್ದ ಈ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ೧೧೨೬ರಿಂದ ೧೧೩೮ರವರೆಗೆ ಆಳಿದನು. ಅವನ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ, ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ಅಂಕವಿನೋದ ಮತ್ತು ಮಲ್ಲವಿನೋದಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಮೊದಲನೆಯದು ಕಣದಲ್ಲಿ ಇಬ್ಬರು ಆಯುಧ ಹಿಡಿದು ಕಾದುವುದು, ಎರಡನೆಯದು ಕುಸ್ತಿ. ಮಲ್ಲರ ತರಗತಿ, ಆಹಾರ, ಅಭ್ಯಾಸ, ಪಟ್ಟುಗಳು, ಕಣದ ಏರ್ಪಾಡು ಇವೆಲ್ಲವನ್ನೂ ಸೋಮೇಶ್ವರನು ಕ್ರಮವಾಗಿ ವಿವರಿಸುತ್ತಾನೆ. ರಾಜನ ಕಣ್ಣೆದುರಿನ ಕಾಳಗವು ಆ ವೇಳೆಗೆ ನಿಯಮಗಳಿಗೆ ಒಳಪಟ್ಟ ವಿದ್ಯೆಯಾಗಿತ್ತೆಂಬುದು ಇದರಿಂದ ಸ್ಥಿರಪಡುತ್ತದೆ. ಮೈಸೂರಿನ ಮಲ್ಲರ ‘ಜೆಟ್ಟಿ’ ಎಂಬ ಹೆಸರು ‘ಜ್ಯೇಷ್ಠಿ’ ಎಂಬುದರ ತದ್ಭವ. ಗುಜರಾತಿನ ಮೊಢೇರಾ ಪ್ರದೇಶದ ಜ್ಯೇಷ್ಠಿಮಲ್ಲರಿಗೂ ಇವರಿಗೂ ಸಂಬಂಧವನ್ನು ಹೇಳುವ ಪರಂಪರೆಯುಂಟು. ಆ ಮಲ್ಲರ ‘ಮಲ್ಲಪುರಾಣ’ವೂ ಪ್ರಕಟವಾಗಿದೆ.

ವಿಜಯನಗರದಲ್ಲಿ ಈ ಆಯುಧಕ್ಕೆ ವಿದೇಶೀಯರ ಸಾಕ್ಷ್ಯ ದೊರೆಯುತ್ತದೆ. ಅಚ್ಯುತರಾಯನ ಕಾಲದಲ್ಲಿ, ಸುಮಾರು ೧೫೩೫ರಲ್ಲಿ, ಬರೆದ ಪೋರ್ಚುಗೀಸ ನೂನಿಜನು ಮಹಾನವಮಿಯ ಉತ್ಸವವನ್ನು ವರ್ಣಿಸುತ್ತ, ಮಲ್ಲರು ಮೊನೆಗಳುಳ್ಳ ಬಳೆಗಳಂಥ ಸಾಧನವನ್ನು ಕೈಯಲ್ಲಿ ಹಿಡಿದು ಪರಸ್ಪರ ಗಾಯಗೊಳಿಸುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನಿಗೆ ರೇಷ್ಮೆಯ ವಸ್ತ್ರ ಬಹುಮಾನವಾಗಿ ದೊರೆಯುತ್ತಿತ್ತೆಂದೂ ಹೇಳುತ್ತಾನೆ. ಇದು ಶತ್ರುವನ್ನು ಕೊಲ್ಲುವ ಯುದ್ಧವಲ್ಲ; ಉತ್ಸವದ ಅಂಗವಾಗಿ, ದೊರೆಯ ಸಮ್ಮುಖದಲ್ಲಿ ರಕ್ತವನ್ನು ಹರಿಸುವ ವಿಧಿ ಎಂಬುದು ಆ ಬಹುಮಾನದಿಂದಲೇ ಗೊತ್ತಾಗುತ್ತದೆ.

ಹೈದರ್ ಮತ್ತು ಟಿಪ್ಪು ಇವರ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಆಂಗ್ಲನ ವೃತ್ತಾಂತ ೧೮೨೪ರಲ್ಲಿ ಅಚ್ಚಾಯಿತು. ಜೆಟ್ಟಿಗಳು ದೊರೆಗೆ ಸಲಾಮು ಮಾಡಿ ಕಣಕ್ಕಿಳಿಯುತ್ತಿದ್ದುದನ್ನೂ, ಬಲಗೈಯ ಬೆರಳುಗಳಿಗೆ ನಾಲ್ಕು ಉಕ್ಕಿನ ಉಗುರುಗಳನ್ನು ಅಳವಡಿಸಿಕೊಂಡು ಕಾದುತ್ತಿದ್ದುದನ್ನೂ ಅವನು ಬರೆದಿದ್ದಾನೆ. ಇದೇ ಜೆಟ್ಟಿಗಳನ್ನು ಸೆರೆಯಾಳುಗಳ ವಧೆಗೂ ಬಳಸುತ್ತಿದ್ದರೆಂದು ಆ ಕಾಲದ ಆಂಗ್ಲ ಬರಹಗಳು ಹೇಳುತ್ತವೆ. ಮೂಳೆ ಕೂಡಿಸುವುದರಲ್ಲಿಯೂ ಅಂಗಮರ್ದನದಲ್ಲಿಯೂ ಇವರು ಹೆಸರಾಗಿದ್ದರು. ಮೈಯ ಕೀಲುಗಳನ್ನು ಬಲ್ಲವರು ಅವನ್ನು ಮುರಿಯಲೂ ಬಲ್ಲರು, ಕೂಡಿಸಲೂ ಬಲ್ಲರು.

ಒಡೆಯರ ಮನೆತನವು ೧೬೧೦ರಲ್ಲಿ ರಾಜ ಒಡೆಯರಿಂದ ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವವನ್ನು ಆರಂಭಿಸಿತು; ವಿಜಯನಗರದ ಮಹಾನವಮಿಯ ಪರಂಪರೆ ಅಲ್ಲಿ ಮುಂದುವರಿಯಿತು. ವಿಜಯದಶಮಿಯ ದಿನ ಮೆರವಣಿಗೆಗೆ ಮುನ್ನ ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿ ಮನೆತನಗಳಿಂದ ಬಂದವರು ತಲೆ ಬೋಳಿಸಿಕೊಂಡು ಎರಡು ಜೋಡಿಗಳಾಗಿ ಕಣಕ್ಕಿಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ರಾಜಧನ ೧೯೭೧ರಲ್ಲಿ ರದ್ದಾದ ಮೇಲೆಯೂ ಅರಮನೆಯ ಖಾಸಗಿ ವಿಧಿಗಳಲ್ಲಿ ಈ ಕಾಳಗ ಉಳಿದುಬಂದಿದೆ.

೭

ಈಗ ಎರಡನ್ನೂ ಹೋಲಿಸಿ ನೋಡಬಹುದು. ಕಬ್ಬಿಣದ ಬೀಸಣಿಗೆಯಲ್ಲಿ ಕಟ್ಟಳೆಯು ‘ಅಲಗು ಬೇಡ’ ಎಂದು ಹೇಳಿತು. ಯೋಧನು ಅಲಗಿಲ್ಲದ ವಸ್ತುವಿನಿಂದ ತನ್ನನ್ನು ಕಾಯ್ದುಕೊಂಡನು. ವಜ್ರಮುಷ್ಟಿಯಲ್ಲಿ ಕಟ್ಟಳೆಯು ‘ರಕ್ತ ಬೇಕು, ಪ್ರಾಣ ಬೇಡ’ ಎಂದು ಹೇಳಿತು. ಮಲ್ಲನು ಚುಚ್ಚುವ, ಆದರೆ ಆಳಕ್ಕೆ ಇಳಿಯದ ಮೊನೆಗಳನ್ನು ಹಿಡಿದನು. ಒಂದು ಗುಟ್ಟಾದ ಆಯುಧ, ಇನ್ನೊಂದು ಎಲ್ಲರೆದುರು ತೋರುವ ಆಯುಧ. ಒಂದನ್ನು ಸಭೆಯ ನಿಷೇಧ ರೂಪಿಸಿತು, ಇನ್ನೊಂದನ್ನು ಸಭೆಯ ವಿಧಿ ರೂಪಿಸಿತು. ಎರಡರಲ್ಲಿಯೂ ಕಮ್ಮಾರನ ಕೌಶಲಕ್ಕಿಂತ ಸಭೆಯ ಮರ್ಯಾದೆಯೇ ಆಯುಧದ ಆಕಾರವನ್ನು ನಿರ್ಣಯಿಸಿದೆ.

ಇವೆರಡರ ಮುಂದಿನ ಗತಿಯಲ್ಲಿಯೂ ಸಾಮ್ಯವಿದೆ. ದಂಡನಾಯಕನ ಗುನ್‌ಬಾಯ್ ಇಂದು ಸುಮೋ ಕುಸ್ತಿಯ ತೀರ್ಪುಗಾರನ ಕೈಯಲ್ಲಿದೆ. ಗೆದ್ದ ಮಲ್ಲನ ಕಡೆಗೆ ಅವನು ಅದನ್ನು ಎತ್ತಿ ತೋರಿಸುತ್ತಾನೆ. ವಜ್ರಮುಷ್ಟಿಯು ದಸರೆಯ ಬೆಳಿಗ್ಗೆ ಕೆಲವು ನಿಮಿಷಗಳ ವಿಧಿಯಾಗಿ ಉಳಿದಿದೆ. ಯುದ್ಧವು ಬಿಟ್ಟುಹೋದ ವಸ್ತುಗಳನ್ನು ಉತ್ಸವವು ಕಾಪಾಡಿದೆ.

ಆದರೆ ವಸ್ತು ಉಳಿದ ಮಾತ್ರಕ್ಕೆ ವಿದ್ಯೆ ಉಳಿದಂತಾಗದು. ನಮ್ಮ ನೆರೆಯ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ೧೬೫೯ರ ನವೆಂಬರಿನಲ್ಲಿ ಪ್ರತಾಪಗಡದ ತಪ್ಪಲಿನಲ್ಲಿ ಬಿಜಾಪುರದ ಸೇನಾನಿ ಅಫಜಲಖಾನನೂ ಶಿವಾಜಿಯೂ ಸಂಧಿಗೆಂದು ಭೇಟಿಯಾದ ಪ್ರಸಂಗದಲ್ಲಿ ‘ವಾಘನಖ’ದ, ಎಂದರೆ ಹುಲಿಯುಗುರಿನ, ಪ್ರಸ್ತಾಪ ಬರುತ್ತದೆ. ಸೇನೆಯನ್ನು ದೂರವಿಟ್ಟು ಮಾತಿಗೆ ಬರಬೇಕೆಂಬ ಕಟ್ಟಳೆಯಿದ್ದಲ್ಲಿ ಅಂಗೈಯೊಳಗೆ ಅಡಗುವ ಆಯುಧ ಕಾಣಿಸಿಕೊಂಡದ್ದು ನಮ್ಮ ವಾದಕ್ಕೆ ಪೋಷಕವಾಗಿದೆ. ಲಂಡನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದ್ದ ಒಂದು ವಾಘನಖವನ್ನು ೨೦೨೪ರಲ್ಲಿ ಕಡವಾಗಿ ತಂದು ಸಾತಾರದಲ್ಲಿ ಪ್ರದರ್ಶಿಸಲಾಯಿತು. ಅಂದು ಬಳಕೆಯಾದುದು ಅದೇ ಎಂದು ಸಿದ್ಧಪಡಿಸಲು ಆಧಾರ ಸಾಲದೆಂದು ಆ ಸಂಗ್ರಹಾಲಯವೇ ಹೇಳಿದೆ. ವಸ್ತು ನಮ್ಮೆದುರಿಗಿದೆ, ಪ್ರಸಂಗವೂ ಚರಿತ್ರೆಯಲ್ಲಿದೆ, ಆದರೆ ಎರಡನ್ನೂ ಕೂಡಿಸುವ ಕೊಂಡಿ ಕಳಚಿದೆ. ಶಿಂಗೆನನ ಬೀಸಣಿಗೆಯ ಕಥೆಯಲ್ಲಿ ಕಂಡ ತೊಡಕೂ ಇದೇ.

ಆದುದರಿಂದ ಆಯುಧದ ಅಭ್ಯಾಸಿಯು ಮೂರು ಬಗೆಯ ಸಾಕ್ಷ್ಯಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ ಅನಂತರ ಕೂಡಿಸಬೇಕು: ವಸ್ತು, ಬರಹ, ಅಭ್ಯಾಸ. ವಸ್ತುವನ್ನು ಸಂಗ್ರಹಾಲಯಗಳು ಕಾಯುತ್ತವೆ. ಬರಹವನ್ನು ಶಾಸನಗಳೂ ಗ್ರಂಥಗಳೂ ಕಾಯುತ್ತವೆ. ಅಭ್ಯಾಸವನ್ನು ಕಾಯುವುದು ಜೀವಂತ ಮನುಷ್ಯರ ಕೈಕಾಲುಗಳು ಮಾತ್ರ. ಜಪಾನಿನ ಗುರುಪರಂಪರೆಗಳು ಪಟ್ಟುಗಳನ್ನು ಜೋಡಿ ಅಭ್ಯಾಸಗಳಾಗಿ ಹೆಸರಿಟ್ಟು, ಕ್ರಮವಿಟ್ಟು, ಶಿಷ್ಯನಿಂದ ಶಿಷ್ಯನಿಗೆ ಒಪ್ಪಿಸಿದುದರಿಂದ ಕಬ್ಬಿಣದ ಬೀಸಣಿಗೆಯನ್ನು ಹೇಗೆ ಹಿಡಿಯಬೇಕೆಂದು ಇಂದಿಗೂ ತೋರಿಸಬಲ್ಲವರಿದ್ದಾರೆ. ವಜ್ರಮುಷ್ಟಿಯ ವಿದ್ಯೆ ಕೆಲವೇ ಮನೆತನಗಳಲ್ಲಿ ಉಳಿದಿದೆ. ಅವರ ಮಕ್ಕಳು ಬೇರೆ ವೃತ್ತಿಗಳಿಗೆ ಹೋದಂತೆ ಆ ಕೊಂಡಿಯೂ ತೆಳುವಾಗುವುದು ಸಹಜ.

ಈ ಮಾತು ನಮ್ಮ ಕಡೆಯ ಗರಡಿಗಳಿಗೂ ಅನ್ವಯಿಸುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕುಸ್ತಿಯ ಕಣವೂ, ಗರಡಿಯ ಕೆಮ್ಮಣ್ಣೂ, ಅಲ್ಲಿನ ಹನುಮಂತನ ಮೂರ್ತಿಯೂ ಎಲ್ಲರಿಗೂ ಪರಿಚಿತ. ಪಟ್ಟುಗಳ ಹೆಸರು, ಸಾಮು ತೆಗೆಯುವ ಕ್ರಮ, ಕಣಕ್ಕಿಳಿಯುವಾಗ ಮಣ್ಣು ಮುಟ್ಟಿ ಹಣೆಗಿಟ್ಟುಕೊಳ್ಳುವ ಮರ್ಯಾದೆ, ಯಾವ ಹಿಡಿತ ಸಲ್ಲುವುದು ಯಾವುದು ಸಲ್ಲದು ಎಂಬ ತೀರ್ಪು—ಇವೆಲ್ಲ ಹಿರಿಯ ಪೈಲವಾನರ ನಾಲಗೆಯ ಮೇಲಿವೆ. ಹನ್ನೆರಡನ್ನೆಯ ಶತಮಾನದಲ್ಲಿ ಚಕ್ರವರ್ತಿಯೊಬ್ಬನು ಬರೆದಿಡಲು ಯೋಗ್ಯವೆಂದು ಎಣಿಸಿದ ವಿದ್ಯೆಯನ್ನು ಇಂದಿನ ಕಾಲೇಜಿನ ವಿದ್ಯಾರ್ಥಿ ಒಂದು ಬೇಸಗೆಯ ರಜೆಯಲ್ಲಿ ತನ್ನ ಊರಿನ ಗರಡಿಯಿಂದ ಬರೆದುಕೊಳ್ಳಬಹುದು. ಪಟ್ಟಿನ ಹೆಸರನ್ನು ಊರಿನ ಮಾತಿನಲ್ಲಿಯೇ ಬರೆಯಲಿ. ಹೇಳಿದವರ ವಯಸ್ಸನ್ನೂ ಅವರು ಯಾರಿಂದ ಕಲಿತರೆಂಬುದನ್ನೂ ಗುರುತಿಸಲಿ. ಕೈಕಾಲುಗಳ ನಿಲುವನ್ನು ರೇಖಾಚಿತ್ರದಲ್ಲಿ ತೋರಿಸಲಿ. ಇಂಥ ಹತ್ತು ಟಿಪ್ಪಣಿಗಳು ಕೂಡಿದರೆ ‘ಮಾನಸೋಲ್ಲಾಸ’ದ ಮಲ್ಲವಿನೋದವನ್ನು ಓದುವವರಿಗೆ ಪಕ್ಕದಲ್ಲಿಟ್ಟುಕೊಳ್ಳಲು ಒಂದು ಜೀವಂತ ಆಧಾರ ದೊರೆತಂತಾಗುವುದು.